ನಾಂಪಲ್ಲಿಯ ಕಲ್ಲು, ಮಲಕಪೇಟೆಯ ಕುದುರೆ

ರಜೆಯಲ್ಲಿ ತಂದೆತಾಯಿಯ ಜೊತೆ ಭಾರತಕ್ಕೆ ಹೊರಡುವ ನಮ್ಮ ಕೂಟದ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಒಂದು, ಅಲ್ಲಿ ಇಂಟರ್‌ನೆಟ್ ಹೇಗಿದೆ? ಎರಡು, ಅಲ್ಲಿ ಒಳ್ಳೆಯ ಸ್ಟೇಕ್ ಸಿಗುತ್ತದೆಯೇ? ಮೊದಲನೆಯದಕ್ಕೆ ಉತ್ತರ ಸುಲಭ: ನೀವು ಇಲ್ಲಿ ಕೊಡುವ ದುಡ್ಡು ಕೇಳಿದರೆ ಅಲ್ಲಿಯವರು ನಗುತ್ತಾರೆ. ಎರಡನೆಯದನ್ನು ನನ್ನಂಥ ಹುಟ್ಟು ಸಸ್ಯಾಹಾರಿಯನ್ನು ಕೇಳುವುದು ಕುರುಡನ ಹತ್ತಿರ ದಾರಿ ಕೇಳಿದ ಹಾಗೆ. ಆದರೂ ಈ ಸಲ ಉತ್ತರ ಕೊಡುವ ಧೈರ್ಯ ಮಾಡುತ್ತಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ಓಹಾಯೋ ನದಿಯ ಆಚೆ, ಲೂಯಿವಿಲ್, ಲೆಕ್ಸಿಂಗ್‌ಟನ್ ಕಡೆ ಇರುವವರಿಗೆ ಹಳೆಯ ಕಾಲದ ಸ್ಟೇಕ್‌ಹೌಸ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಒಳಗೆ ಕಾಲಿಟ್ಟರೆ ನಡುಮಧ್ಯಾಹ್ನವೂ ಸಂಜೆಯ ಹಾಗಿರುತ್ತದೆ. ಕಪ್ಪಗೆ ಹೊಳೆಯುವ ಮರದ ಗೋಡೆ. ಗೋಡೆಯ ತುಂಬ ಗೆದ್ದ ಕುದುರೆಗಳ ಫೋಟೋ, ಪಕ್ಕದಲ್ಲಿ ಗಿಡ್ಡ ಜಾಕಿ, ಎತ್ತರದ ಮಾಲೀಕ. ಬಿಳಿ ಏಪ್ರನ್ ಕಟ್ಟಿದ ಅರವತ್ತು ದಾಟಿದ ವೇಟರ್ ನಿಮ್ಮ ಅಪ್ಪನನ್ನೂ ‘ಯಂಗ್ ಮ್ಯಾನ್’ ಎನ್ನುತ್ತಾನೆ. ಕೆಂಟಕಿ ಡರ್ಬಿ ನಡೆಯುವ ಮೇ ತಿಂಗಳ ಮೊದಲ ಶನಿವಾರದ ಆಚೀಚೆ ಅಲ್ಲಿ ಕೂರಲು ಜಾಗ ಸಿಕ್ಕರೆ ಪುಣ್ಯ. ನಾನು ಇಂಥ ಕಡೆ ಹೋದಾಗಲೆಲ್ಲ ಸುಟ್ಟ ಆಲೂಗಡ್ಡೆಯನ್ನೂ ಎಲೆಕೋಸಿನ ಸಲಾಡನ್ನೂ ತಿಂದು, ಪಕ್ಕದವರ ತಟ್ಟೆಯತ್ತ ನೋಡದೆ ಗೋಡೆಯ ಕುದುರೆಗಳನ್ನು ನೋಡುತ್ತ ಕೂತವನು.

ಕುದುರೆ ಜೂಜು ಮತ್ತು ಬೆಂಕಿಯ ಮೇಲಿನ ಮಾಂಸ, ಇವೆರಡೂ ಒಂದೇ ಛಾವಣಿಯ ಕೆಳಗೆ ಕೂಡುವ ಹಾಗೆ ನಮ್ಮ ಕಡೆ ಎಲ್ಲಿಯೂ ಕೂಡಿದ್ದು ನಾನು ನೋಡಿಲ್ಲ. ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ ‘ದಿ ಓನ್ಲಿ ಪ್ಲೇಸ್’ ಎಂಬ ಹೋಟೆಲು ದಶಕಗಳಿಂದ ಸ್ಟೇಕಿಗೆ ಹೆಸರಾಗಿದೆ. ಬೆಂಗಳೂರಿನ ಮಕ್ಕಳು ಅಲ್ಲಿಗೆ ಹೋಗಬಹುದು. ಆದರೆ ಕಲಬುರಗಿ, ಬೀದರ್, ರಾಯಚೂರು ಕಡೆಯ ನಮ್ಮಂಥವರ ಮಕ್ಕಳು ವಿಮಾನ ಇಳಿಯುವುದು ಹೈದರಾಬಾದಿನಲ್ಲಿ. ಅಲ್ಲಿ ಈ ಎರಡೂ ಇವೆ. ಒಂದು ನಾಂಪಲ್ಲಿಯಲ್ಲಿ, ಇನ್ನೊಂದು ಮಲಕಪೇಟೆಯಲ್ಲಿ. ನಡುವೆ ಮೆಟ್ರೋ ರೈಲಿನಲ್ಲಿ ನಾಲ್ಕೇ ನಿಲ್ದಾಣ. ಎರಡನ್ನೂ ಹೊಲಿಯುವ ದಾರ ಒಬ್ಬ ನಿಜಾಮ, ಆರನೆಯವನು, ಮೀರ್ ಮೆಹಬೂಬ್ ಅಲಿ ಖಾನ್.

2023ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಒಂದು ಮದುವೆ ಇತ್ತು. ಲೂಯಿವಿಲ್‌ನಲ್ಲಿರುವ ನನ್ನ ಅಣ್ಣನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಬರಲಾಗಲಿಲ್ಲ; ಮಗಳನ್ನು ನನ್ನ ಜೊತೆ ಕಳಿಸಿದ. ಅವಳ ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಈ ಲೇಖನಕ್ಕೆ ಒಪ್ಪಿಗೆ ಸಿಕ್ಕಿದೆ. ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಕಲಬುರಗಿಯ ‘ಅದ’, ‘ಇಲ್ರಿ’ಗಳ ಮಧ್ಯೆ ಕೆಂಟಕಿಯ ಎಳೆದಾಟ ಸೇರಿಕೊಳ್ಳುತ್ತದೆ. ನನ್ನನ್ನು ಕಾಕಾ ಎನ್ನುತ್ತಾಳೆ. ಅವಳು ಸ್ಟೇಕ್ ತಿನ್ನುತ್ತಾಳೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಶಂಶಾಬಾದ್ ವಿಮಾನ ನಿಲ್ದಾಣದಿಂದ ನೇರವಾಗಿ ನಾಂಪಲ್ಲಿಗೆ ಬಂದು ಸ್ಟೇಷನ್ ಎದುರಿನ ಒಂದು ಲಾಡ್ಜಿನಲ್ಲಿ ಇಳಿದೆವು. ಮೂರು ದಿನ ಬಿಟ್ಟು ಮುಂಬಯಿಗೆ ಹೋಗುವ ಹುಸೇನ್‌ಸಾಗರ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಗೆ ಹೊರಡುವುದು ನಮ್ಮ ಲೆಕ್ಕ. ಜನ ನಾಂಪಲ್ಲಿ ಎನ್ನುವ ಈ ಸ್ಟೇಷನ್ನಿಗೆ ರೈಲ್ವೆಯವರ ಹೆಸರು ಹೈದರಾಬಾದ್ ಡೆಕ್ಕನ್. ಕಟ್ಟಿದ್ದು 1907ರಲ್ಲಿ. ಅದಕ್ಕೂ ಮೊದಲೇ, 1874ರಲ್ಲಿ, ನಿಜಾಮರ ರೈಲು ನಮ್ಮ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿನವರೆಗೆ ಓಡತೊಡಗಿತ್ತು. ಮುಂಬಯಿ–ಮದರಾಸು ಮಾರ್ಗಕ್ಕೆ ಕೊಂಡಿ ಹಾಕಲೆಂದು ಹಾಕಿದ ಹಳಿ ಅದು. ಅದರ ಮೇಲೆ ನಮ್ಮ ಕಡೆಯ ತೊಗರಿ, ಶಹಾಬಾದಿನ ಕಲ್ಲು, ಕಚೇರಿ ಕೆಲಸ ಹುಡುಕುವ ಹುಡುಗರು ಎಲ್ಲ ಈ ಕಡೆ ಹರಿದು ಬಂದರು. ಹೈದರಾಬಾದಿನ ಎಷ್ಟೋ ಹಳೆ ಮನೆಗಳಲ್ಲಿ ನೀವು ಬರಿಗಾಲಲ್ಲಿ ನಡೆಯುವ ತಣ್ಣನೆಯ ನೆಲ ನಮ್ಮ ಶಹಾಬಾದಿನದು.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಅನೇಕ ಮಕ್ಕಳು ಹೈದರಾಬಾದನ್ನು ‘ತೆಲುಗರ ಊರು’ ಎಂದು ತಿಳಿದಿದ್ದಾರೆ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ರಾಜಧಾನಿ ಬೆಂಗಳೂರಲ್ಲ, ಈ ಊರು. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ. ಆ ಹೆಸರಿನ ಗುರುತು ನಮ್ಮ ಭಾಗದ ಮೇಲೆ ‘ಹೈದರಾಬಾದ್ ಕರ್ನಾಟಕ’ವೆಂದು ಉಳಿದು, 2019ರಲ್ಲಿ ‘ಕಲ್ಯಾಣ ಕರ್ನಾಟಕ’ವೆಂದು ಬದಲಾಯಿತು. ನನ್ನ ತಂದೆ ಉರ್ದು ಮಾಧ್ಯಮದಲ್ಲಿ ಓದಿ, ಕಂದಾಯ ಇಲಾಖೆಯ ಗುಮಾಸ್ತರಾಗಿ ನಾಂಪಲ್ಲಿಯ ಒಂದು ಬಾಡಿಗೆ ಕೋಣೆಯಲ್ಲಿ ಏಳೆಂಟು ವರ್ಷ ಇದ್ದವರು. ರಾಜ್ಯಗಳು ಬೇರೆಯಾದಾಗ ಗುಲ್ಬರ್ಗಾಕ್ಕೆ ಬಂದರು. ಕನ್ನಡದ ರಾಜ್ಯ ಸೇರಿದ್ದಕ್ಕೆ ಅವರಿಗೆ ಸಂತೋಷವೇ ಇತ್ತು. ಆದರೆ ಪೇಪರು ಓದುತ್ತಿದ್ದದ್ದು ಉರ್ದುವಿನಲ್ಲಿ, ಲೆಕ್ಕ ಹಾಕುತ್ತಿದ್ದದ್ದು ಉರ್ದುವಿನಲ್ಲಿ, ಸಿಟ್ಟು ಬಂದರೆ ಬೈಯುತ್ತಿದ್ದದ್ದೂ ಉರ್ದುವಿನಲ್ಲೇ.

ಮೊದಲ ದಿನ ಸಂಜೆ ಪಬ್ಲಿಕ್ ಗಾರ್ಡನ್ ಕಡೆ ಅಡ್ಡಾಡಿದೆವು. ಅದರ ಪಕ್ಕದಲ್ಲೇ ಬಿಳಿ ಗುಮ್ಮಟಗಳ ವಿಧಾನಸಭೆಯ ಕಟ್ಟಡ. ಮೆಹಬೂಬ್ ಅಲಿ ಖಾನರ ನಲವತ್ತನೆಯ ಹುಟ್ಟುಹಬ್ಬದ ನೆನಪಿಗೆಂದು ಊರಿನ ಜನರೇ ಚಂದಾ ಎತ್ತಿ 1905ರಲ್ಲಿ ಟೌನ್ ಹಾಲ್ ಎಂದು ಶುರುಮಾಡಿದ್ದು. ಮುಗಿದದ್ದು 1913ರಲ್ಲಿ, ಅಷ್ಟರಲ್ಲಿ, 1911ರಲ್ಲಿ, ಅವರು ತೀರಿಕೊಂಡಿದ್ದರು. ಎರಡೂವರೆ ವರ್ಷದ ಮಗುವಾಗಿದ್ದಾಗಲೇ, 1869ರಲ್ಲಿ, ಗಾದಿಗೆ ಬಂದ ಈ ಮನುಷ್ಯನ ಬಗ್ಗೆ ಹೈದರಾಬಾದಿನ ಮುದುಕರು ಇವತ್ತಿಗೂ ಮನೆಯ ಹಿರಿಯನ ಬಗ್ಗೆ ಮಾತಾಡುವಂತೆ ಮಾತಾಡುತ್ತಾರೆ. ಹುಲಿ ಬೇಟೆಯ ಹುಚ್ಚು. ಮೂವತ್ತಕ್ಕೂ ಹೆಚ್ಚು ಹುಲಿ ಹೊಡೆದದ್ದಕ್ಕೆ ‘ತೀಸ್ ಮಾರ್ ಖಾನ್’ ಎಂಬ ಅಡ್ಡಹೆಸರು. ಹಾವು ಕಚ್ಚಿದವರು ಅವರ ಹೆಸರು ಹೇಳಿ ಆಣೆ ಇಟ್ಟರೆ ವಿಷ ಇಳಿಯುತ್ತಿತ್ತೆಂದು ನಂಬಿಕೆ. ಬಟ್ಟೆಗಳಿಗೋ ಲೆಕ್ಕವಿಲ್ಲ, ಪುರಾನಿ ಹವೇಲಿಯಲ್ಲಿ ಅವರ ಬಟ್ಟೆಯ ಕಪಾಟಿನ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದು ನೋಡಬಹುದು. ಆ ಬಟ್ಟೆಗಳ ಉಸ್ತುವಾರಿ ನೋಡುತ್ತಿದ್ದ ಆಲ್ಬರ್ಟ್ ಅಬಿದ್ ಎಂಬಾತ ತೆರೆದ ಅಂಗಡಿಯಿಂದಲೇ ನಾಂಪಲ್ಲಿಯ ಪಕ್ಕದ ಆಬಿಡ್ಸ್ ಬಡಾವಣೆಗೆ ಆ ಹೆಸರು ಬಂತು. ‘ಜೇಕಬ್ ಡೈಮಂಡ್’ ಎಂಬ ದೊಡ್ಡ ವಜ್ರದ ವ್ಯಾಪಾರದಲ್ಲಿ ಕೋರ್ಟು ಮೆಟ್ಟಿಲು ಹತ್ತಿದ್ದಕ್ಕೆ ಬೇಸರಪಟ್ಟು ಅದನ್ನು ಬೂಟಿನೊಳಗೆ ತುರುಕಿಟ್ಟಿದ್ದರಂತೆ. ಮಗ ಉಸ್ಮಾನ್ ಅಲಿ ಅದನ್ನು ಕಂಡು, ಕಾಗದ ಹಾರದಂತೆ ಇಡುವ ಗುಂಡಾಗಿ ಬಳಸಿದರೆಂದು ಕಥೆ. ಅಪ್ಪ ಚೆಲ್ಲುವವನು, ಮಗ ಕೂಡಿಡುವವನು. ಎಷ್ಟೋ ಮನೆಗಳಲ್ಲಿ ಹೀಗೇ.

ಇದೇ ಮೆಹಬೂಬ್ ಅಲಿ ಒಮ್ಮೆ ಬೇಟೆಗೆ ಹೋದಾಗ ಅಡುಗೆಯವರು ಕಬಾಬು ಚುಚ್ಚುವ ಸಲಾಕೆಗಳನ್ನೇ ಮರೆತು ಬಂದಿದ್ದರಂತೆ. ಹಸಿದ ದೊರೆಯ ಮುಂದೆ ನೆಪ ಹೇಳುವ ಧೈರ್ಯ ಯಾರಿಗಿದೆ? ಒಬ್ಬ ಬಾಣಸಿಗ ಹತ್ತಿರ ಬಿದ್ದಿದ್ದ ಚಪ್ಪಟೆ ಬಂಡೆಗಲ್ಲನ್ನು ತೊಳೆದು, ಕೆಳಗೆ ಬೆಂಕಿ ಹಚ್ಚಿ, ಕಾದ ಕಲ್ಲಿನ ಮೇಲೆ ಮಾಂಸ ಬೇಯಿಸಿ ಕೊಟ್ಟ. ದೊರೆ ಮೆಚ್ಚಿದ. ‘ಪತ್ಥರ್ ಕಾ ಗೋಷ್ತ್’ ಹುಟ್ಟಿತು. ಈ ಕಥೆಗೆ ದಾಖಲೆ ಕೇಳಬೇಡಿ. ಅರಮನೆಯ ಅಡುಗೆಯ ಕಥೆಗಳಲ್ಲಿ ಅಡುಗೆಯವನು ಯಾವಾಗಲೂ ಏನನ್ನಾದರೂ ಮರೆತಿರುತ್ತಾನೆ, ದೊರೆ ಯಾವಾಗಲೂ ಮೆಚ್ಚುತ್ತಾನೆ. ಆದರೆ ತಿಂಡಿ ಮಾತ್ರ ನಿಜ. ನನ್ನ ಅಭಿಪ್ರಾಯದಲ್ಲಿ ಹೈದರಾಬಾದಿನ ಸ್ಟೇಕ್ ಎಂದರೆ ಇದೇ.

ನಾಂಪಲ್ಲಿಯ ಮಾರ್ಕೆಟ್ಟಿನ ಹತ್ತಿರ ಒಂದು ಹಳೆಯ ಹೋಟೆಲು. ಹೆಸರು ಬರೆದರೆ ಜಾಹೀರಾತಾದೀತು. ಹೊಗೆ ಮತ್ತು ಜನ ಎಲ್ಲಿದ್ದಾರೋ ಅಲ್ಲಿ ನಿಲ್ಲಿ, ಸಾಕು. ಒಳಗೆ ಅಮೃತಶಿಲೆ ಹೊದಿಸಿದ ಮೇಜುಗಳು, ಅಲುಗಾಡುವ ಕುರ್ಚಿಗಳು, ಗಲ್ಲಾದ ಮೇಲೆ ಮೆಕ್ಕಾದ ಚಿತ್ರ. ಕುದುರೆಯ ಫೋಟೋ ಒಂದೂ ಇಲ್ಲ. ಅಡುಗೆ ನಡೆಯುವುದು ಹೊರಗೆ, ರಸ್ತೆಯ ಅಂಚಿನಲ್ಲಿ. ಇಟ್ಟಿಗೆಯ ಒಲೆಯ ಮೇಲೆ ನಮ್ಮ ರುಬ್ಬುಗಲ್ಲಿನಷ್ಟು ದಪ್ಪದ, ಮೇಜಿನಷ್ಟು ಅಗಲದ ಕರಿಯ ಕಲ್ಲು. ಸಂಜೆ ಇನ್ನೂ ಬೆಳಕಿರುವಾಗಲೇ ಕೆಳಗೆ ಕೆಂಡ ಹಾಕಿಡುತ್ತಾರೆ. ಕಲ್ಲು ಕಾಯಲು ಹೊತ್ತು ಹಿಡಿಯುತ್ತದೆ, ಕಾದ ಮೇಲೆ ಆರಲೂ ಹೊತ್ತು ಹಿಡಿಯುತ್ತದೆ. ಅದೇ ಅದರ ಗುಣ. ಕಬ್ಬಿಣದ ಹೆಂಚಿನಂತೆ ಒಂದು ಕಡೆ ಸೀಯಿಸಿ ಇನ್ನೊಂದು ಕಡೆ ಹಸಿ ಬಿಡುವುದಿಲ್ಲ. ‘ಶಹಾಬಾದ್ ಕಲ್ಲು ಆಗುವುದಿಲ್ಲವೇ?’ ಎಂದು ಊರಿನ ಅಭಿಮಾನಕ್ಕೆ ಕೇಳಿದೆ. ಒಲೆಯ ಮುಂದಿನ ಮುದುಕ ನಕ್ಕು, ಅದು ಪದರು ಪದರಾದ ಕಲ್ಲು, ಬೆಂಕಿ ತಗಲಿದರೆ ಸಿಡಿದು ಗಿರಾಕಿಯ ಮುಖಕ್ಕೇ ಬರುತ್ತದೆ, ಇದಕ್ಕೆ ಗ್ರಾನೈಟೇ ಆಗಬೇಕು ಎಂದ. ‘ಹೌ ಸಾಬ್, ಗುಲ್ಬರ್ಗೇ ಕಾ ಪತ್ಥರ್ ಚಲ್‌ನೇ ಕೇ ವಾಸ್ತೆ, ಪಕಾನೇ ಕೇ ವಾಸ್ತೆ ನಕ್ಕೋ.’ ಗುಲ್ಬರ್ಗದ ಕಲ್ಲು ನಡೆಯುವುದಕ್ಕೆ, ಬೇಯಿಸುವುದಕ್ಕೆ ಬೇಡ. ಆ ‘ಹೌ’ ಎಂಬುದು ದಖನಿ ಉರ್ದುವಿನ ‘ಹೌದು’. ದೆಹಲಿ, ಲಖನೌದವರು ಈ ಮಾತಿಗೆ ಮೂಗು ಮುರಿಯುತ್ತಾರೆ. ನನಗೆ ಮಾತ್ರ ಅದು ಕಿವಿಗೆ ಬಿದ್ದರೆ ತವರಿನವರು ಕರೆದಂತಾಗುತ್ತದೆ.

ತಿನ್ನದವನು ಅಡುಗೆಯನ್ನು ಹೆಚ್ಚು ಗಮನವಿಟ್ಟು ನೋಡುತ್ತಾನೆ. ಎಲುಬಿಲ್ಲದ ಕುರಿಯ ಮಾಂಸವನ್ನು ಅಂಗೈ ಉದ್ದದ ತೆಳು ಪಟ್ಟಿಗಳಾಗಿ ಕೊಯ್ದು, ಜಜ್ಜಿ, ಇನ್ನೂ ತೆಳುಮಾಡುತ್ತಾರೆ. ಮೇಲೆ ಪರಂಗಿಯ ಹಸಿ ಕಾಯಿಯನ್ನು ಅರೆದು ಹಚ್ಚುತ್ತಾರೆ. ಆ ಕಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ, ಅದು ಮಾಂಸದ ನಾರನ್ನು ಸಡಿಲಿಸುತ್ತದೆ. ಜೀವಶಾಸ್ತ್ರ ಓದುವ ಮಕ್ಕಳಿಗೆ ಇದು ಗೊತ್ತಿರಬಹುದು. ಅಮೆರಿಕದ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ‘ಮೀಟ್ ಟೆಂಡರೈಸರ್’ ಎಂಬ ಪುಡಿಯಲ್ಲಿರುವುದೂ ಬಹುಮಟ್ಟಿಗೆ ಇದೇ. ಜೊತೆಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕಾಳುಮೆಣಸು, ಮಸಾಲೆ. ಅದರಲ್ಲಿ ‘ಪತ್ಥರ್ ಕಾ ಫೂಲ್’ ಕೂಡ ಇರುತ್ತದೆ: ನಿಮ್ಮ ಅಮ್ಮಂದಿರ ಮಸಾಲೆ ಡಬ್ಬಿಯ ಕಲ್ಲುಹೂವು. ಬಂಡೆಯ ಮೇಲೆ ಬೆಳೆಯುವ ಹೂವನ್ನು ಹಚ್ಚಿ ಮಾಂಸವನ್ನು ಮತ್ತೆ ಬಂಡೆಗೇ ಕೊಡುವುದು. ಕೆಲವು ಗಂಟೆ ನೆನೆದ ಮೇಲೆ ಕಲ್ಲಿಗೆ ತುಪ್ಪ ಸವರಿ, ಒಂದೊಂದೇ ಪಟ್ಟಿ ಹಾಸುತ್ತಾರೆ. ಸುಯ್ಯೆಂಬ ಸದ್ದು, ಅಂಚು ಕಂದಾಗುವುದು, ಮಗುಚುವುದು, ಲಿಂಬೆ ಹಿಂಡುವುದು. ಮಾಂಸ ಕಂದಾಗುತ್ತ ಪರಿಮಳ ಏಳುವ ಈ ಕ್ರಿಯೆಗೆ 1912ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್‌ನ ಹೆಸರಿದೆ. ಕೆಂಟಕಿಯ ಸ್ಟೇಕಿನ ಮೇಲೆ ಕೂರುವ ಕಪ್ಪು ಗೆರೆಗಳೂ ಅದರ ಫಲವೇ. ಆದರೆ ಸ್ಟೇಕ್ ದಪ್ಪ, ಒಳಗೆ ಕೆಂಪಗೆ ಉಳಿಯಬೇಕು. ಇದು ತೆಳು, ಪೂರ್ತಿ ಬೇಯಬೇಕು. ‘ಮೀಡಿಯಂ ರೇರ್’ ಎಂದು ಇಲ್ಲಿ ಕೇಳಿದರೆ ಅಡುಗೆಯವನು ನಿಮ್ಮ ಆರೋಗ್ಯ ವಿಚಾರಿಸುತ್ತಾನೆ.

ನನಗೆ ರೊಟ್ಟಿ, ದಾಲ್ ಮತ್ತು ಮಿರ್ಚಿ ಕಾ ಸಾಲನ್. ಅವಳ ಮುಂದೆ ಕಲ್ಲಿನಿಂದ ಎತ್ತಿದ ತಟ್ಟೆ, ಉಂಗುರ ಕೊಯ್ದ ಈರುಳ್ಳಿ, ಕರವಸ್ತ್ರದಷ್ಟು ತೆಳ್ಳನೆಯ ರುಮಾಲಿ ರೊಟ್ಟಿ. ಮೊದಲ ತುತ್ತಿಗೆ ಮಾತಾಡಲಿಲ್ಲ. ಎರಡನೆಯದಕ್ಕೆ, ‘ಕಾಕಾ, ಇದಕ್ಕ ಚಾಕು ಬೇಕಾಗೂದೇ ಇಲ್ಲ’ ಎಂದಳು. ಮೂರನೆಯದಕ್ಕೆ, ಬೇರೇನನ್ನೋ ನೆನೆಸಿಕೊಂಡವಳಂತೆ, ‘ಡ್ಯಾಡಿ ಯಾಕ ಡರ್ಬಿಗೆ ಬರೂದಿಲ್ಲ?’ ಎಂದು ಕೇಳಿದಳು.

ಲೂಯಿವಿಲ್‌ನಲ್ಲಿ ಡರ್ಬಿ ಎಂದರೆ ನಮ್ಮ ದಸರೆಯ ಹಾಗೆ. ಶಾಲೆ ಮಕ್ಕಳಿಂದ ಹಿಡಿದು ಅಜ್ಜಿಯರವರೆಗೆ ದೊಡ್ಡ ಟೋಪಿ ಇಟ್ಟುಕೊಂಡು ಎರಡು ಡಾಲರ್ ಕಟ್ಟುತ್ತಾರೆ. ಅತ್ತಿಗೆ, ಮಕ್ಕಳು, ಕನ್ನಡ ಕೂಟದ ಸ್ನೇಹಿತರು ಎಲ್ಲ ಹೋಗುತ್ತಾರೆ. ಅಣ್ಣ ಆ ದಿನ ಮನೆಯ ಹಿಂದೆ ಹುಲ್ಲು ಕತ್ತರಿಸುತ್ತಾನೆ. ಟಿವಿಯಲ್ಲಿ ರೇಸು ಬಂದರೆ ಎದ್ದು ಹೋಗುತ್ತಾನೆ. ಎರಡು ನಿಮಿಷದ ಓಟಕ್ಕೆ ಇಪ್ಪತ್ತೈದು ವರ್ಷದ ಸಿಟ್ಟೇಕೆ ಎಂದು ಮಕ್ಕಳು ಕೇಳಿ ಕೇಳಿ ಬಿಟ್ಟಿದ್ದರು. ಹೊರಡುವ ಮೊದಲು ನಾನು ಅಣ್ಣನಿಗೆ ಫೋನು ಮಾಡಿ, ‘ಹೈದರಾಬಾದಿಗೆ ಹೊಂಟೀವಿ, ಅಪ್ಪನ ವಿಷಯ ಹೇಳ್ಲೇನು?’ ಎಂದಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನೇ ಹೇಳಪಾ. ನನ್ನ ಕೈಲೆ ಆಗೂದಿಲ್ಲ’ ಎಂದಿದ್ದ.

ಹೇಳಿದೆ. ಅರವತ್ತರ ದಶಕದ ಕೊನೆ, ಎಪ್ಪತ್ತರ ಆರಂಭ. ಅಪ್ಪ ತಿಂಗಳಿಗೊಮ್ಮೆಯೋ ಎರಡು ಸಲವೋ ಶನಿವಾರ ಸಂಜೆ ‘ಹಳೇ ಫೈಲಿನ ಕೆಲಸ’ ಎಂದು ರೈಲು ಹತ್ತಿ ಹೈದರಾಬಾದಿಗೆ ಬರುತ್ತಿದ್ದರು. ಸೋಮವಾರ ಬೆಳಿಗ್ಗೆ ವಾಪಸು. ಕೆಲವು ಸಲ ಅವರ ಚೀಲದಲ್ಲಿ ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣವಿರುತ್ತಿತ್ತು. ಕೆಲವು ಸಲ ಏನೂ ಇರುತ್ತಿರಲಿಲ್ಲ, ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಬಿಸ್ಕತ್ತು ಬರಲಿ ಎಂದು ನಾನೂ ಅಣ್ಣನೂ ಶರಣಬಸವೇಶ್ವರನಿಗೆ ಹರಕೆ ಹೊತ್ತುಕೊಳ್ಳುತ್ತಿದ್ದೆವು. ಬಿಸ್ಕತ್ತು ಬಂದ ದಿನ ಯಾವುದೋ ಕುದುರೆ ಗೆದ್ದಿರುತ್ತಿತ್ತೆಂದು ತಿಳಿದದ್ದು ಬಹಳ ಕಾಲದ ಮೇಲೆ. ಮೈದಾನಕ್ಕೇ ಹೋಗುತ್ತಿದ್ದರೋ, ಗಲ್ಲಿಯ ಬುಕ್ಕಿಯ ಹತ್ತಿರ ಬೇರೆ ಬೇರೆ ಊರಿನ ರೇಸು ಆಡುತ್ತಿದ್ದರೋ, ಕೊನೆಯವರೆಗೂ ಅವರು ಹೇಳಲಿಲ್ಲ. ಅವರನ್ನು ಯಾರೂ ಕೈಹಿಡಿದು ಎಳೆದುಕೊಂಡು ಹೋಗಿರಲಿಲ್ಲ. ಮೊದಲು ಅವ್ವನ ಬೋರಮಾಳ ಹೋಯಿತು. ಆಮೇಲೆ ಆಳಂದದ ಹಾದಿಯಲ್ಲಿದ್ದ ನಾಲ್ಕು ಎಕರೆ ಎರಿ ಹೊಲ. ಹೊಲ ಬರೆದುಕೊಟ್ಟ ದಿನ ಅಣ್ಣ ಎಸ್ಸೆಸ್ಸೆಲ್ಸಿ ಓದುತ್ತಿದ್ದ. ಕಚೇರಿಯಲ್ಲಿ ಸಾಕ್ಷಿಯಾಗಿ ನಿಂತಿದ್ದ ಸೋದರಮಾವ ಅವನ ಮುಂದೆಯೇ ಅಪ್ಪನನ್ನು ಬೈದದ್ದನ್ನು ಅವನು ಮರೆಯಲಿಲ್ಲ. ವಿದ್ಯಾರ್ಥಿವೇತನದ ಮೇಲೆ ಓದಿ, ಅಮೆರಿಕ ಸೇರಿ, ಮೊದಲು ಕಳಿಸಿದ ದುಡ್ಡಿನಲ್ಲಿ ಅವ್ವನಿಗೆ ಬೋರಮಾಳ ಮಾಡಿಸಿದ. ಅಪ್ಪನ ಜೊತೆ ಮಾತು ಕಡಿಮೆ. ಕೊನೆಗೆ ಕೆಲಸ ಸಿಕ್ಕಿದ್ದು ಎಲ್ಲಿ? ಜಗತ್ತಿನಲ್ಲಿ ಕುದುರೆಗೆ ಅತಿ ದೊಡ್ಡ ಹೆಸರಿರುವ ಊರಿನಲ್ಲಿ. ನಮ್ಮ ಅವ್ವ ಇದಕ್ಕೆ ‘ಹಣೆಬರಹ’ ಎನ್ನುತ್ತಿದ್ದಳು.

ಹುಡುಗಿ ಸುಮ್ಮನೆ ಕೇಳಿದಳು. ತಟ್ಟೆಯಲ್ಲಿ ಎರಡು ಪಟ್ಟಿ ಉಳಿದಿದ್ದವು. ‘ಅಜ್ಜ ಇಲ್ಲಿ ಬರ್ತಿದ್ರೇನು, ಈ ಹೋಟೆಲಿಗೆ?’ ಎಂದಳು. ಗೊತ್ತಿಲ್ಲ. ಮನೆಯಲ್ಲಿ ಈರುಳ್ಳಿಯನ್ನೂ ಅಮಾವಾಸ್ಯೆಗೆ ಬಿಡುತ್ತಿದ್ದ ಮನುಷ್ಯ. ಆದರೆ ಗೆದ್ದ ರಾತ್ರಿ ನಾಂಪಲ್ಲಿಯಲ್ಲಿ ಏನು ಮಾಡುತ್ತಿದ್ದರೆಂದು ಯಾರು ನೋಡಿದ್ದಾರೆ? ಉಳಿದ ಎರಡನ್ನೂ ಅವಳು ತಿಂದಳು. ನಾಳೆ ಮಲಕಪೇಟೆಗೆ ಹೋಗೋಣ ಎಂದಳು.

ನಾಂಪಲ್ಲಿಯಿಂದ ಎಲ್.ಬಿ. ನಗರದ ಕಡೆ ಹೋಗುವ ಮೆಟ್ರೋ ಹತ್ತಿ. ಗಾಂಧಿ ಭವನ, ಉಸ್ಮಾನಿಯಾ ಮೆಡಿಕಲ್ ಕಾಲೇಜು, ಎಂ.ಜಿ. ಬಸ್ ನಿಲ್ದಾಣ, ಮಲಕಪೇಟೆ. ಈ ಮಾರ್ಗ 2018ರಲ್ಲಿ ತೆರೆಯಿತು. ದಾರಿಯಲ್ಲಿ ಮೂಸಿ ನದಿ ಸಿಗುತ್ತದೆ. ಈಗ ನೋಡಿದರೆ ನದಿಯೆಂದು ಹೇಳಲು ನಾಲಿಗೆ ತಡವರಿಸುತ್ತದೆ. 1908ರ ಸೆಪ್ಟೆಂಬರಿನಲ್ಲಿ ಇದು ಉಕ್ಕಿ ಊರಿನ ಸಾವಿರಾರು ಜನರನ್ನು ಕೊಂಡೊಯ್ಯಿತು. ಮತ್ತೆ ಹಾಗಾಗದಂತೆ ಯೋಜನೆ ಮಾಡಿಕೊಡಲು ನಿಜಾಮರು ಕರೆಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಅವರ ಯೋಜನೆಯ ಫಲ. ಕನ್ನಂಬಾಡಿಯ ಕಥೆ ಗೊತ್ತಿರುವ ನಿಮಗೆ ಇದೂ ಗೊತ್ತಿರಲಿ.

ಹೈದರಾಬಾದಿನಲ್ಲಿ ಕುದುರೆ ಪಂದ್ಯ ಶುರುವಾದದ್ದು 1868ರಲ್ಲಿ, ಮೌಲಾ ಅಲಿಯಲ್ಲಿ. ಲೂಯಿವಿಲ್‌ನವರು ಬೇಸರ ಮಾಡಿಕೊಳ್ಳಬಾರದು, ಮೊದಲ ಕೆಂಟಕಿ ಡರ್ಬಿ ಓಡಿದ್ದು 1875ರಲ್ಲಿ. 1886ರಲ್ಲಿ ಮೆಹಬೂಬ್ ಅಲಿ ತಮ್ಮ ಅರಮನೆಗೆ ಹತ್ತಿರವಾಗಲೆಂದು ಮೈದಾನವನ್ನು ಮಲಕಪೇಟೆಗೆ ತಂದರು. ಅವರ ಹೆಸರಿನ ಮೆಹಬೂಬ್ ಮ್ಯಾನ್ಷನ್ ಎಂಬ ಅರಮನೆ ಅಲ್ಲೇ ಪಾಳುಬಿದ್ದು ನಿಂತಿದೆ. ಇವತ್ತು ಹೈದರಾಬಾದ್ ರೇಸ್ ಕ್ಲಬ್ಬಿನವರು ಮಳೆಗಾಲದಲ್ಲೊಂದು, ಚಳಿಗಾಲದಲ್ಲೊಂದು ಹಂಗಾಮು ನಡೆಸುತ್ತಾರೆ. ಇಲ್ಲಿಯೂ ಒಂದು ಡರ್ಬಿ ಇದೆ, ಡೆಕ್ಕನ್ ಡರ್ಬಿ.

ಕುದುರೆಯೆಂದರೆ ಬಿಳಿಯರೋ ನಿಜಾಮರೋ ತಂದ ಷೋಕಿ ಎಂದುಕೊಳ್ಳಬೇಡಿ. ನಮ್ಮ ನೆಲಕ್ಕೂ ಕುದುರೆಗೂ ಅದಕ್ಕಿಂತ ಹಳೆಯ ಸಂಬಂಧ. ನಮ್ಮ ಹವೆಗೆ ಒಳ್ಳೆಯ ಕುದುರೆ ಹುಟ್ಟುವುದು ಕಷ್ಟವೆಂದು ಬಹಮನಿಗಳೂ ವಿಜಯನಗರದವರೂ ಅರಬ್ ನಾಡಿನಿಂದ ಹಡಗಿನಲ್ಲಿ ತರಿಸುತ್ತಿದ್ದರು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆ ಹಿಡಿದು ಬರುವ ಪರದೇಶಿ ವ್ಯಾಪಾರಿಗಳನ್ನು ನೋಡಬಹುದು. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ 

ವ್ಯಾಪಾರಿ ಒಂದೇ ಒಂದು ಗಂಡು ಕುದುರೆಯನ್ನು ಸಮುದ್ರ ದಾಟಿಸಿ ತಂದು ಕೊನೆಗೆ ಬೀದರಿನಲ್ಲಿ ಮಾರಿದ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತವೆಂದು ಬರೆದಿಟ್ಟ. ನಮ್ಮ ಅಪ್ಪ ಕುದುರೆಯ ಕಾಲಿಗೆ ಕಟ್ಟಿದ ಹೊಲ ಅದೇ ಆಳಂದದ ಹಾದಿಯದು ಎಂದಾಗ ಹುಡುಗಿ ಮೊದಲ ಸಲ ನಕ್ಕಳು. ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಮ್ಮು ಟಿಪ್ಪುವಿನ ಕಾಲದ್ದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಈಟಿ ಹಿಡಿದು ಕುದುರೆಯ ಮೇಲೆ ನುಗ್ಗಿ ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ಹೈದರಾಬಾದಿನ ಕುದುರೆ ಪಡೆಯೂ ಅದೇ ಬ್ರಿಗೇಡಿನದು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನದ ಸವಾರರವು. ದೆಹಲಿಗೆ ಹೋದವರು ಅದರ ಮುಂದೆ ಫೋಟೋ ತೆಗೆಸಿಕೊಂಡು, ಏನೆಂದು ಕೇಳದೆ ಬರುತ್ತಾರೆ.

ಅಂದು ರೇಸಿನ ದಿನ. ಟಿಕೆಟು ಕೊಂಡು ಜನರ ಗ್ಯಾಲರಿಗೆ ಹೋದೆವು. ಡರ್ಬಿಯ ಟೋಪಿಗಳಿಲ್ಲ, ಹೆಂಗಸರು ಬೆರಳೆಣಿಕೆ. ಕೈಯಲ್ಲಿ ರೇಸ್ ಪುಸ್ತಕ ಮಡಚಿ ಹಿಡಿದ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿದ ಗಂಡಸರು. 1996ರಲ್ಲಿ ಸುಪ್ರೀಂ ಕೋರ್ಟು, ಕುದುರೆ ಪಂದ್ಯ ಬರಿಯ ಅದೃಷ್ಟದಾಟವಲ್ಲ, ಅದರಲ್ಲಿ ಕೌಶಲವಿದೆ ಎಂದು ತೀರ್ಪು ಕೊಟ್ಟಿತು. ಕಾನೂನಿನಲ್ಲಿ ಅದು ಸರಿಯೇ ಇರಬಹುದು. ಕುದುರೆಯ ವಂಶ, ತೂಕ, ನೆಲದ ಹಸಿ, ಸವಾರನ ಕೈ, ಎಲ್ಲವನ್ನೂ ಆ ಗಂಡಸರು ಪರೀಕ್ಷೆಗೆ ಓದುವವರಂತೆ ಓದುತ್ತಿದ್ದರು. ಅಪ್ಪನೂ ಹೀಗೇ ಓದಿರಬೇಕು, ಉರ್ದುವಿನಲ್ಲಿ ಲೆಕ್ಕ ಹಾಕುತ್ತ. ಕೌಶಲವಿದೆ ಎಂದು ನಂಬಿದವನು ಅದೃಷ್ಟ ನಂಬಿದವನಿಗಿಂತ ಹೆಚ್ಚು ಕಳೆದುಕೊಳ್ಳುತ್ತಾನೆ ಎಂಬುದು ನಾನು ಮನೆಯಲ್ಲಿ ಕಂಡ ಮಾತು.

ಓಡುವ ಮೊದಲು ಕುದುರೆಗಳನ್ನು ಸುತ್ತು ಹಾಕಿಸುವ ಜಾಗದಲ್ಲಿ ಕಟಾಂಜನ ಹಿಡಿದು ಹುಡುಗಿ ಬಹಳ ಹೊತ್ತು ನಿಂತಳು. ಒಂದು ಕೆಂಗಂದು ಕುದುರೆ, ಹಣೆಯ ಮೇಲೆ ಬಿಳಿ ಬೊಟ್ಟು, ಅವಳ ಮುಂದೆ ಬಂದಾಗಲೆಲ್ಲ ಕಿವಿ ನಿಮಿರಿಸುತ್ತಿತ್ತು. ‘ಎಷ್ಟು ಚೆಂದ ಅದ ಕಾಕಾ’ ಎಂದಳು. ಅದಕ್ಕೆ ಕಟ್ಟುತ್ತೀಯಾ ಎಂದು ನಾನು ಕೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವಳು ಕಟ್ಟಲಿಲ್ಲ. ಕುದುರೆ ನಾಲ್ಕನೆಯದಾಗಿ ಬಂತು.

ನಿಮ್ಮಲ್ಲಿ ಹೋಗುವವರಿಗೆ ಒಂದೆರಡು ಮಾತು. ಪತ್ಥರ್ ಕಾ ಗೋಷ್ತ್ ತಿನ್ನಬೇಕೆಂದರೆ ಕತ್ತಲಾದ ಮೇಲೆ ಹೋಗಿ, ಕಲ್ಲು ಆಗಲೇ ಹದಕ್ಕೆ ಬರುವುದು. ಸಸ್ಯಾಹಾರಿಗಳಿಗೆ ಆಬಿಡ್ಸ್‌ನಲ್ಲಿ ಹಳೆಯ ತಾಜ್ ಮಹಲ್ ಹೋಟೆಲಿದೆ, ಇಡ್ಲಿ ದೋಸೆಗೆ. ಜನವರಿ 1ರಿಂದ ಸುಮಾರು ಒಂದೂವರೆ ತಿಂಗಳು ನಾಂಪಲ್ಲಿಯ ಮೈದಾನದಲ್ಲಿ ‘ನುಮಾಯಿಶ್’ ಎಂಬ ದೊಡ್ಡ ವಸ್ತುಪ್ರದರ್ಶನ, 1938ರಲ್ಲಿ ಶುರುವಾದದ್ದು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ಹೊರನಾಡಿನಲ್ಲಿ ಕನ್ನಡ ಉಳಿಸಿಕೊಳ್ಳಲು ಹೆಣಗುವುದು ಅಮೆರಿಕದ ನಮ್ಮೊಬ್ಬರದೇ ಕಷ್ಟವಲ್ಲವೆಂದು ತಿಳಿಯಲು ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.

ಹೊರಡುವ ದಿನ ಮಧ್ಯಾಹ್ನ ರೈಲಿಗೆ ಮುಂಚೆ ಅವಳು ನಾಂಪಲ್ಲಿಯ ಸುಭಾನ್ ಬೇಕರಿಯ ಮುಂದೆ ಸರದಿಯಲ್ಲಿ ನಿಂತು ಉಸ್ಮಾನಿಯಾ ಬಿಸ್ಕತ್ತು ಕೊಂಡಳು. ಸಿಹಿಯೂ ಉಪ್ಪೂ ಕೂಡಿದ, ಚಹಾದಲ್ಲಿ ಅದ್ದಿದರೆ ಕ್ಷಣದಲ್ಲಿ ಕರಗುವ ಬಿಸ್ಕತ್ತು. ಅಪ್ಪನಿಗೆ ಎಂದಳು. ಲೂಯಿವಿಲ್ ತಲುಪಿದ ಮೇಲೆ ಅಣ್ಣ ಫೋನು ಮಾಡಿದ. ಮದುವೆಯ ವಿಷಯ ಕೇಳಿದ, ಊಟಕ್ಕೆ ಏನೇನಿತ್ತೆಂದು ಕೇಳಿದ, ಹೊಲದ ಹಾದಿಯಲ್ಲಿ ಈಗ ಏನಿದೆ ಎಂದು ಕೇಳಿದ. ಕೊನೆಗೆ, ‘ಬಿಸ್ಕತ್ತು ತಿಂದೆ. ಆಗ ಉಪ್ಪು ಸ್ವಲ್ಪ ಜಾಸ್ತಿ ಇತ್ತಲ್ಲೋ?’ ಎಂದ. ಇದ್ದಿರಬಹುದು ಎಂದೆ.